ಸೆರೆಯಲ್ಲಿದ್ದವರು ಮೇಯರ್ ಆಗಿ ಗೆದ್ದದ್ದು ಹೇಗೆ: ದವಾವೊ ನಗರದ ಚುನಾವಣೆ

ಪ್ರಶ್ನೆ: ನನ್ನ ಮಗ ಫಿಲಿಪ್ಪೀನ್ಸಿನ ದವಾವೊ ನಗರದಲ್ಲಿ ವೈದ್ಯಕೀಯ ಓದುತ್ತಿದ್ದಾನೆ. 2025ರ ಮೇ ತಿಂಗಳಲ್ಲಿ ಅಲ್ಲಿ ನಡೆದ ಚುನಾವಣೆಯಲ್ಲಿ ವಿದೇಶದ ಸೆರೆಯಲ್ಲಿದ್ದ ಮಾಜಿ ರಾಷ್ಟ್ರಾಧ್ಯಕ್ಷರೇ ಮೇಯರ್ ಆಗಿ ಗೆದ್ದರು, ಅವರ ಮಗನೇ ಉಪಮೇಯರ್ ಎಂದು ಅವನು ಹೇಳಿದ. ಕಾನೂನು ಇದಕ್ಕೆ ಹೇಗೆ ಅವಕಾಶ ಕೊಡುತ್ತದೆ? ಮೇಯರ್ ಊರಿನಲ್ಲೇ ಇಲ್ಲದಿದ್ದರೆ ಆಡಳಿತ ನಡೆಸುವವರು ಯಾರು? ಒಂದೇ ಮನೆಯವರು ಇಷ್ಟೊಂದು ಹುದ್ದೆಗಳನ್ನು ಹಿಡಿದಿರುವುದಕ್ಕೆ ಕಾರಣವೇನು?
– ಹಾಸನದ ಓದುಗರೊಬ್ಬರು

ಉತ್ತರ: ನಿಮ್ಮ ಮಗ ಹೇಳಿದ್ದು ನಿಜ. ಆ ಮಾಜಿ ರಾಷ್ಟ್ರಾಧ್ಯಕ್ಷ ರೋಡ್ರಿಗೊ ದುತೆರ್ತೆ ಅವರು 2024ರ ಅಕ್ಟೋಬರಿನಲ್ಲಿ, ಅಂದರೆ ಇನ್ನೂ ಸ್ವತಂತ್ರರಾಗಿ ಓಡಾಡಿಕೊಂಡಿದ್ದಾಗಲೇ, ದವಾವೊ ಮೇಯರ್ ಸ್ಥಾನಕ್ಕೆ ಉಮೇದುವಾರಿಕೆ ಸಲ್ಲಿಸಿದ್ದರು. 2025ರ ಮಾರ್ಚ್ 11ರಂದು ಹಾಂಗ್‌ಕಾಂಗ್‌ನಿಂದ ಮನಿಲಾಕ್ಕೆ ಬಂದಿಳಿದಾಗ ಅವರನ್ನು ಬಂಧಿಸಿ, ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ವಾರಂಟಿನ ಮೇಲೆ ಅಂದೇ ರಾತ್ರಿ ಆ ನ್ಯಾಯಾಲಯವಿರುವ ನೆದರ್‌ಲ್ಯಾಂಡ್ಸಿನ ಹೇಗ್ ನಗರಕ್ಕೆ ವಿಮಾನದಲ್ಲಿ ಕಳುಹಿಸಲಾಯಿತು. ಮಾದಕವಸ್ತು ವಿರೋಧಿ ಕಾರ್ಯಾಚರಣೆಯ ಹೆಸರಿನಲ್ಲಿ ನಡೆದ ಕೊಲೆಗಳ ಕುರಿತಾದ, ಮಾನವತೆಯ ವಿರುದ್ಧದ ಅಪರಾಧದ ಆರೋಪ ಅವರ ಮೇಲಿದೆ. ಅದರ ಕಾಲವ್ಯಾಪ್ತಿಯಲ್ಲಿ ಅವರು ಅಧ್ಯಕ್ಷರಾಗಿದ್ದ ವರ್ಷಗಳು ಮಾತ್ರವಲ್ಲ, ದವಾವೊ ಆಡಳಿತದಲ್ಲಿದ್ದ ವರ್ಷಗಳೂ ಸೇರಿವೆ. ಇದಾದ ಎರಡು ತಿಂಗಳಿಗೆ, ಮೇ 12ರಂದು ಮತದಾನ ನಡೆದಾಗ ಅವರಿಗೆ ಆರೂವರೆ ಲಕ್ಷಕ್ಕೂ ಹೆಚ್ಚು ಮತಗಳು ಬಂದವು. ಮುಖ್ಯ ಎದುರಾಳಿ ಕಾರ್ಲೊ ನೊಗ್ರಾಲೆಸ್ ಅವರ ಮತಗಳು ಒಂದು ಲಕ್ಷವನ್ನೂ ಮುಟ್ಟಲಿಲ್ಲ.

ಕಾನೂನಿನ ಪ್ರಶ್ನೆಗೆ ಉತ್ತರ ಚಿಕ್ಕದು. ಫಿಲಿಪ್ಪೀನ್ಸಿನ ಸ್ಥಳೀಯ ಆಡಳಿತವೆಲ್ಲ 1991ರ ಸ್ಥಳೀಯ ಸರ್ಕಾರ ಸಂಹಿತೆಯ ಮೇಲೆ ನಿಂತಿದೆ. ಆ ಸಂಹಿತೆಯ 40ನೆಯ ಕಲಮು ಯಾರು ಸ್ಪರ್ಧಿಸಬಾರದು ಎಂದು ಹೇಳುತ್ತದೆ: ನೈತಿಕ ಅಧಃಪತನದ ಅಪರಾಧಕ್ಕೋ, ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಗೆ ಗುರಿಯಾಗುವ ಅಪರಾಧಕ್ಕೋ ಅಂತಿಮ ತೀರ್ಪಿನಿಂದ ಶಿಕ್ಷೆಗೊಳಗಾದವರು, ಇಲಾಖಾ ವಿಚಾರಣೆಯಲ್ಲಿ ಹುದ್ದೆಯಿಂದ ವಜಾ ಆದವರು, ನ್ಯಾಯಾಂಗದಿಂದ ತಲೆಮರೆಸಿಕೊಂಡವರು, ಹೀಗೆ. ಇಲ್ಲಿ ‘ಅಂತಿಮ ತೀರ್ಪು’ ಎಂಬುದೇ ನಿರ್ಣಾಯಕ. ಆರೋಪ ಹೊತ್ತವರಿಗೆ, ವಿಚಾರಣಾಧೀನ ಕೈದಿಗಳಿಗೆ ಸ್ಪರ್ಧೆಯ ಬಾಗಿಲು ಮುಚ್ಚಿಲ್ಲ, ಆ ವಿಚಾರಣೆ ದೇಶದೊಳಗೆ ನಡೆಯಲಿ, ಹೊರಗೆ ನಡೆಯಲಿ. ಬಂಧನವಾಗುವ ಹೊತ್ತಿಗೆ ಉಮೇದುವಾರರ ಪಟ್ಟಿ ಅಖೈರಾಗಿ ಮತಪತ್ರಗಳ ಮುದ್ರಣವೂ ನಡೆದಿತ್ತು. ಹೆಸರು ತೆಗೆಯಬೇಕೆಂದರೆ ಅವರೇ ಹಿಂದೆ ಸರಿಯಬೇಕಿತ್ತು, ಅವರು ಸರಿಯಲಿಲ್ಲ. ಇದರಲ್ಲಿ ನಮ್ಮವರಿಗೆ ಅಚ್ಚರಿಯಾಗುವಂಥದ್ದು ಹೆಚ್ಚೇನೂ ಇರಲಿಕ್ಕಿಲ್ಲ, ಜೈಲಿನಿಂದಲೇ ಸ್ಪರ್ಧಿಸಿ ಗೆದ್ದವರನ್ನು ನಾವೂ ಕಂಡಿದ್ದೇವೆ.

ನಿಜವಾಗಿ ಯೋಚಿಸಬೇಕಾದದ್ದು ನಿಮ್ಮ ಮೂರನೆಯ ಪ್ರಶ್ನೆ. ಅದಕ್ಕೆ ಉತ್ತರಿಸಬೇಕಾದರೆ ಅಲ್ಲಿನ ನಗರದಲ್ಲಿ ಮೇಯರ್ ಎಂದರೆ ಯಾರು ಎಂಬುದನ್ನು ಮೊದಲು ನೋಡಬೇಕಾಗುತ್ತದೆ.

ನಮ್ಮ ಮಹಾನಗರ ಪಾಲಿಕೆಗಳಲ್ಲಿ ಮೇಯರನ್ನು ಸದಸ್ಯರು ತಮ್ಮೊಳಗಿಂದ ಆರಿಸಿಕೊಳ್ಳುತ್ತಾರೆ, ಕಡತ ಮತ್ತು ಕಾಸು ಎರಡೂ ಕಮಿಷನರ್ ಕೈಯಲ್ಲಿರುತ್ತವೆ. ಈ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ದವಾವೊವನ್ನು ನೋಡಿದರೆ ಏನೂ ಅರ್ಥವಾಗುವುದಿಲ್ಲ. ಅಲ್ಲಿ ಮೇಯರನ್ನು ಇಡೀ ನಗರದ ಮತದಾರರು ನೇರವಾಗಿ ಆರಿಸುತ್ತಾರೆ, ಉಪಮೇಯರನ್ನೂ ನೇರವಾಗಿ, ಆದರೆ ಪ್ರತ್ಯೇಕವಾಗಿ ಆರಿಸುತ್ತಾರೆ. ಮೇಯರ್ ಕಾರ್ಯಾಂಗದ ಮುಖ್ಯಸ್ಥರು. ಉಪಮೇಯರ್ ನಗರಸಭೆಯ, ಅಂದರೆ ‘ಸಂಗುನಿಯಾಂಗ್ ಪನ್ಲುಂಗ್ಸೊದ್’ ಎಂದು ಅವರು ಕರೆಯುವ ಶಾಸನಸಭೆಯ, ಸಭಾಪತಿ. ದವಾವೊ ನಗರ ಮೂರು ಜಿಲ್ಲೆಗಳಾಗಿ ಹಂಚಿಹೋಗಿದ್ದು ಪ್ರತಿ ಜಿಲ್ಲೆಯಿಂದ 8 ಮಂದಿಯಂತೆ 24 ಕೌನ್ಸಿಲರುಗಳು ಚುನಾಯಿತರಾಗುತ್ತಾರೆ. ಅವರ ಜೊತೆಗೆ ಬರಂಗಾಯ್ ಮುಖ್ಯಸ್ಥರ ಒಕ್ಕೂಟದ ಅಧ್ಯಕ್ಷರು, ಯುವಪರಿಷತ್ತುಗಳ ಒಕ್ಕೂಟದ ಅಧ್ಯಕ್ಷರು ಮತ್ತು ಮೂಲನಿವಾಸಿ ಸಮುದಾಯಗಳ ಪ್ರತಿನಿಧಿ ಪದನಿಮಿತ್ತ ಸದಸ್ಯರಾಗಿ ಕೂರುತ್ತಾರೆ. ಬರಂಗಾಯ್ ಎಂದರೆ ನಮ್ಮ ವಾರ್ಡಿಗಿಂತ ಚಿಕ್ಕದಾದ, ಆದರೆ ತನ್ನದೇ ಬಜೆಟ್ಟು ಇರುವ ಘಟಕ. ದವಾವೊದಲ್ಲಿ ಅಂಥವು 182 ಇವೆ. 2020ರ ಗಣತಿಯಂತೆ ನಗರದ ಜನಸಂಖ್ಯೆ 17.76 ಲಕ್ಷ, ಮತದಾರರು ಸುಮಾರು 10 ಲಕ್ಷ. ‘ಅತಿ ನಗರೀಕೃತ ನಗರ’ ಎಂಬ ವರ್ಗಕ್ಕೆ ಸೇರಿರುವುದರಿಂದ ದವಾವೊ ಯಾವ ಪ್ರಾಂತ್ಯದ ಆಡಳಿತಕ್ಕೂ ಒಳಪಡುವುದಿಲ್ಲ, ಅಲ್ಲಿನ ಮತದಾರರು ಪ್ರಾಂತ್ಯದ ಗವರ್ನರನ್ನು ಆರಿಸುವುದೂ ಇಲ್ಲ. ಮೇಯರಿಗೂ ಮನಿಲಾದ ಅಧ್ಯಕ್ಷರಿಗೂ ನಡುವೆ ಚುನಾಯಿತ ಯಜಮಾನರು ಯಾರೂ ಇಲ್ಲವೆಂದೇ ಹೇಳಬಹುದು.

ಈ ಹುದ್ದೆಗೆ ಹಣದ ಬಲವೂ ಇದೆ. ರಾಷ್ಟ್ರೀಯ ತೆರಿಗೆಗಳಲ್ಲಿ ಶೇಕಡಾ 40ರಷ್ಟು ಸ್ಥಳೀಯ ಸರ್ಕಾರಗಳಿಗೆ ಕಾನೂನಿನಂತೆಯೇ ಹೋಗಬೇಕು. ಅದರಲ್ಲಿ ಶೇಕಡಾ 23 ನಗರಗಳ ಪಾಲು. ನಗರಗಳ ನಡುವೆ ಅದನ್ನು ಹಂಚುವಾಗ ಜನಸಂಖ್ಯೆಗೆ ಅರ್ಧ, ಭೂವಿಸ್ತೀರ್ಣಕ್ಕೆ ಕಾಲು, ಎಲ್ಲರಿಗೂ ಸಮವಾಗಿ ಕಾಲು ಎಂಬ ಲೆಕ್ಕ ಹಿಡಿಯುತ್ತಾರೆ. ಸುಮಾರು 2,440 ಚದರ ಕಿಲೋಮೀಟರ್ ಹರಡಿಕೊಂಡು ಆಪೊ ಬೆಟ್ಟದ ತಪ್ಪಲನ್ನೂ ಒಳಗೊಂಡಿರುವ ದವಾವೊಕ್ಕೆ ಜನಸಂಖ್ಯೆ ಮತ್ತು ವಿಸ್ತೀರ್ಣ ಎರಡರಿಂದಲೂ ಲಾಭ. ಮೊದಲು ಈ ಪಾಲನ್ನು ಆಂತರಿಕ ಕಂದಾಯದ ಮೇಲೆ ಮಾತ್ರ ಲೆಕ್ಕ ಹಾಕುತ್ತಿದ್ದರು. 2018ರಲ್ಲಿ ಸುಪ್ರೀಂ ಕೋರ್ಟು ಮಂದಾನಾಸ್ ಪ್ರಕರಣದಲ್ಲಿ ಸುಂಕವೂ ಸೇರಿ ಎಲ್ಲ ರಾಷ್ಟ್ರೀಯ ತೆರಿಗೆಗಳೂ ಅದರೊಳಗೆ ಬರಬೇಕೆಂದು ಹೇಳಿದ ಮೇಲೆ, 2022ರಿಂದ ನಗರಗಳ ಕೈಗೆ ಬರುವ ಮೊತ್ತ ಹೆಚ್ಚಾಯಿತು. ಇದರ ಮೇಲೆ ಆಸ್ತಿ ತೆರಿಗೆ, ವ್ಯಾಪಾರ ತೆರಿಗೆ. ಅಂಗಡಿ ತೆರೆಯಲು ಬೇಕಾದ ಪರವಾನಗಿಯ ಹೆಸರೇ ‘ಮೇಯರ್ಸ್ ಪರ್ಮಿಟ್’. ನಗರದ ನೌಕರರ ನೇಮಕಾತಿ, ಪೊಲೀಸರ ಮೇಲೆ ಕಾರ್ಯಾಚರಣೆಯ ಮಟ್ಟದ ಮೇಲ್ವಿಚಾರಣೆ, ಶಿಫಾರಸಾದ ಪಟ್ಟಿಯಿಂದ ಪೊಲೀಸ್ ಮುಖ್ಯಸ್ಥರನ್ನು ಆರಿಸಿಕೊಳ್ಳುವ ಹಕ್ಕು, ಇವೂ ಮೇಯರ್ ಕೈಯಲ್ಲೇ ಇವೆ. ಇಷ್ಟು ತೂಕದ ಹುದ್ದೆಯನ್ನು ಒಮ್ಮೆ ಹಿಡಿದ ಮನೆ ಸುಲಭವಾಗಿ ಬಿಟ್ಟುಕೊಡಲಾರದು.

ಬಿಟ್ಟುಕೊಡಲೇಬೇಕು ಎಂದು 1987ರ ಸಂವಿಧಾನ ಹೇಳಿತು. ಸರ್ವಾಧಿಕಾರಿ ಫರ್ಡಿನಾಂಡ್ ಮಾರ್ಕೋಸ್ ಆಳ್ವಿಕೆ 1986ರಲ್ಲಿ ಕೊನೆಗೊಂಡ ಮೇಲೆ ಬರೆದ ಸಂವಿಧಾನವಾದ್ದರಿಂದ, ಒಬ್ಬರೇ ವರ್ಷಾನುಗಟ್ಟಲೆ ಕುರ್ಚಿಗೆ ಅಂಟಿಕೊಳ್ಳುವುದರ ಬಗ್ಗೆ ಅದಕ್ಕೆ ವಿಶೇಷ ಭಯವಿತ್ತು. ಸ್ಥಳೀಯ ಚುನಾಯಿತ ಅಧಿಕಾರಿಗಳ ಅವಧಿ ಮೂರು ವರ್ಷ, ಒಂದೇ ಹುದ್ದೆಯಲ್ಲಿ ಸತತವಾಗಿ ಮೂರಕ್ಕಿಂತ ಹೆಚ್ಚು ಅವಧಿ ಇರಬಾರದು, ನಡುವೆ ಸ್ವಇಚ್ಛೆಯಿಂದ ರಾಜೀನಾಮೆ ಕೊಟ್ಟರೂ ಅದನ್ನು ವಿರಾಮವೆಂದು ಪರಿಗಣಿಸಬಾರದು ಎಂದು ಅದರ ಹತ್ತನೆಯ ವಿಧಿ ಕಟ್ಟುಮಾಡಿತು. ಕಾಗದದ ಮೇಲೆ ಬಿಗಿಯಾದ ನಿಯಮ. ದವಾವೊದಲ್ಲಿ ಅದು ಏನಾಯಿತು ನೋಡಿ.

ದುತೆರ್ತೆ 1988ರ ಜನವರಿಯ ಚುನಾವಣೆಯಲ್ಲಿ ಮೊದಲ ಸಲ ಮೇಯರಾದರು. 1992, 1995ರಲ್ಲಿ ಮರುಆಯ್ಕೆಯಾಗಿ 1998ಕ್ಕೆ ಮೂರು ಅವಧಿ ತುಂಬಿತು. ಆಗ ಸಂಸತ್ತಿನ ಕೆಳಮನೆಗೆ ಹೋಗಿ ಮೂರು ವರ್ಷ ಕುಳಿತು, 2001ರಲ್ಲಿ ಹಿಂದಿರುಗಿದರು. 2010ಕ್ಕೆ ಮತ್ತೆ ಮೂರು ಅವಧಿ ತುಂಬಿದಾಗ ಮಗಳು ಸಾರಾ ಮೇಯರ್ ಸ್ಥಾನಕ್ಕೆ ನಿಂತರು, ತಂದೆ ಉಪಮೇಯರ್ ಸ್ಥಾನಕ್ಕೆ ನಿಂತರು, ಇಬ್ಬರೂ ಗೆದ್ದರು. 2013ರಲ್ಲಿ ತಂದೆ ಮರಳಿ ಮೇಯರ್, ಮಗ ಪಾವೊಲೊ ಉಪಮೇಯರ್. 2016ರಲ್ಲಿ ತಂದೆ ರಾಷ್ಟ್ರಾಧ್ಯಕ್ಷರಾದರು, ಸಾರಾ ಮತ್ತೆ ಮೇಯರಾದರು. 2022ರಲ್ಲಿ ಸಾರಾ ರಾಷ್ಟ್ರದ ಉಪಾಧ್ಯಕ್ಷರಾದಾಗ ಕಿರಿಯ ಮಗ ಸೆಬಾಸ್ಟಿಯನ್ ಮೇಯರ್ ಕುರ್ಚಿಗೆ ಬಂದರು. 2025ರಲ್ಲಿ ಅದೇ ಸೆಬಾಸ್ಟಿಯನ್ ಉಪಮೇಯರ್ ಸ್ಥಾನಕ್ಕೆ ಇಳಿದು, ಮೇಯರ್ ಸ್ಥಾನಕ್ಕೆ ತಂದೆಯ ಹೆಸರನ್ನು ಇಟ್ಟರು. 1988ರಿಂದ ಇಂದಿನವರೆಗೆ ಈ ಕುಟುಂಬದವರಲ್ಲದವರು ಮೇಯರ್ ಆಗಿ ಚುನಾಯಿತರಾದದ್ದು ಒಂದೇ ಬಾರಿ, 1998ರಲ್ಲಿ ಬೆಂಜಮಿನ್ ದೆ ಗುಜ್ಮಾನ್.

ಹಾಗಾಗಿ ನನ್ನ ಉತ್ತರದ ತಿರುಳು ಇಷ್ಟೇ: ಸಂವಿಧಾನ ಮಿತಿ ಹಾಕಿದ್ದು ವ್ಯಕ್ತಿಗೆ, ಮನೆಗಲ್ಲ. ಮನೆಗೂ ಮಿತಿ ಹಾಕಬೇಕೆಂಬ ಆಸೆ ಅದರ ಎರಡನೆಯ ವಿಧಿಯಲ್ಲಿ ಇದೆ. ರಾಜಕೀಯ ವಂಶಾಡಳಿತವನ್ನು ‘ಕಾನೂನು ವ್ಯಾಖ್ಯಾನಿಸುವಂತೆ’ ನಿಷೇಧಿಸಬೇಕು ಎಂದು ಅಲ್ಲಿ ಬರೆದಿದೆ. ಆದರೆ ವ್ಯಾಖ್ಯಾನಿಸಬೇಕಾದ ಕಾನೂನನ್ನು ಮಾಡಬೇಕಾದದ್ದು ಸಂಸತ್ತು, ಆ ಸಂಸತ್ತಿನ ತುಂಬ ಅಂಥದೇ ಮನೆತನಗಳವರು. 2025ರ ಚುನಾವಣೆಯ ಹೊತ್ತಿಗೂ ನಗರದ ಹುದ್ದೆಗಳಿಗೆ ಅನ್ವಯಿಸುವ ಅಂಥ ಕಾನೂನು ಬಂದಿರಲಿಲ್ಲ. ಇದರಲ್ಲಿ ಒಂದು ತಮಾಷೆಯೂ ಇದೆ. 2016ರ ಒಂದು ಕಾನೂನು, ಬರಂಗಾಯ್ ಮಟ್ಟದ ಯುವಪರಿಷತ್ತಿಗೆ ನಿಲ್ಲುವ 18ರಿಂದ 24ರ ಹರೆಯದವರು ಹಾಲಿ ಚುನಾಯಿತ ಅಧಿಕಾರಿಗಳ ಹತ್ತಿರದ ರಕ್ತಸಂಬಂಧಿಗಳಾಗಿರಬಾರದು ಎಂದು ಕಟ್ಟುನಿಟ್ಟು ಮಾಡಿತು. ಹುಡುಗರಿಗೆ ಹಾಕಿದ ಈ ಕಟ್ಟಳೆಯನ್ನು ಮಾಡಿದವರು ತಮಗೆ ಹಾಕಿಕೊಳ್ಳಲಿಲ್ಲ.

ಮಿತಿಯ ಲೆಕ್ಕ ಹಾಕುವ ರೀತಿಯೂ ಕುಟುಂಬಗಳಿಗೆ ಅನುಕೂಲವಾಗಿಯೇ ಒದಗಿಬಂದಿದೆ. 1998ರ ಬೋರ್ಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಒಬ್ಬರು ಒಂದೇ ಹುದ್ದೆಗೆ ಸತತ ಮೂರು ಬಾರಿ ಚುನಾಯಿತರೂ ಆಗಿರಬೇಕು, ಮೂರೂ ಅವಧಿಯನ್ನು ಪೂರ್ತಿ ನಿಭಾಯಿಸಿಯೂ ಇರಬೇಕು, ಆಗ ಮಾತ್ರ ನಿಷೇಧ ಅನ್ವಯಿಸುತ್ತದೆ ಎಂದಿತು. ಮೇಯರ್ ತೀರಿಕೊಂಡು ಉಪಮೇಯರ್ ಕಾನೂನಿನ ಬಲದಿಂದ ಆ ಕುರ್ಚಿಗೆ ಏರಿದರೆ, ಅದು ಅವರು ಚುನಾಯಿತರಾದ ಅವಧಿಯಲ್ಲ. ಈ ತರ್ಕದಂತೆ, 2025ರಲ್ಲಿ ಉಪಮೇಯರ್ ಆಗಿ ಆಯ್ಕೆಯಾಗಿ ಮೇಯರ್ ಕೆಲಸ ನೋಡುವವರ ಖಾತೆಗೆ ಮೇಯರ್ ಅವಧಿಯೊಂದು ಜಮೆಯಾಗುವುದಿಲ್ಲ.

ಮತ ಹಾಕುವ ಪದ್ಧತಿಯೂ ಇದಕ್ಕೆ ಒತ್ತಾಸೆಯಾಗಿದೆ, ಇದನ್ನು ಹೊರಗಿನವರು ಗಮನಿಸುವುದು ಕಡಿಮೆ. ಕೌನ್ಸಿಲರ್ ಸ್ಥಾನಕ್ಕೆ ದವಾವೊದ ಪ್ರತಿ ಮತದಾರರಿಗೆ ಒಂದಲ್ಲ, 8 ಮತಗಳು. ಒಬ್ಬ ಅಭ್ಯರ್ಥಿಗೆ ಒಂದೇ. ಹೆಚ್ಚು ಮತ ಪಡೆದ ಮೊದಲ ಎಂಟು ಮಂದಿ ಗೆಲ್ಲುತ್ತಾರೆ. ನಮ್ಮ ಗ್ರಾಮ ಪಂಚಾಯಿತಿಯ ಬಹುಸದಸ್ಯ ಕ್ಷೇತ್ರಗಳಲ್ಲಿ ಮತ ಹಾಕಿದವರಿಗೆ ಈ ವ್ಯವಸ್ಥೆ ಗೊತ್ತಿರುತ್ತದೆ. ನೋಡಲು ಇದು ಮತದಾರರಿಗೆ ಹೆಚ್ಚಿನ ಆಯ್ಕೆ ಕೊಟ್ಟಂತೆ ಕಾಣುತ್ತದೆ, ಆದರೆ ಪರಿಣಾಮ ಬೇರೆ. ಶೇಕಡಾ 55ರಷ್ಟು ಮಂದಿ ಒಂದೇ ಬಣದ ಎಂಟೂ ಹೆಸರುಗಳಿಗೆ ಮತ ಹಾಕಿದರೆ ಆ ಬಣ ಎಂಟಕ್ಕೆ ಎಂಟನ್ನೂ ಒಯ್ಯುತ್ತದೆ. ಉಳಿದ ಶೇಕಡಾ 45ರಷ್ಟು ಮಂದಿಗೆ ಒಬ್ಬ ಪ್ರತಿನಿಧಿಯೂ ದಕ್ಕುವುದಿಲ್ಲ. ಆದ್ದರಿಂದ ಮೇಯರ್ ಅಭ್ಯರ್ಥಿಯ ಹೆಸರಿನ ಕೆಳಗೆ ಒಂದು ಇಡೀ ಪಟ್ಟಿ ಕಟ್ಟುವುದು ಅಲ್ಲಿನ ರಾಜಕೀಯದ ಮೂಲಭೂತ ಕೆಲಸ. ದುತೆರ್ತೆ ಕುಟುಂಬಕ್ಕೆ ಇದಕ್ಕೆಂದೇ ‘ಹುಗ್ಪೊಂಗ್ ಸಾ ತಾವೊಂಗ್ ಲುಂಗ್ಸೊದ್’ ಎಂಬ ನಗರಮಟ್ಟದ ಪಕ್ಷವಿದೆ. ರಾಷ್ಟ್ರೀಯ ಪಕ್ಷಗಳು ಬಂದುಹೋಗುತ್ತವೆ, ಊರಿನ ಈ ಪಟ್ಟಿ ಮಾತ್ರ ಉಳಿಯುತ್ತದೆ.

ಪಟ್ಟಿಯ ಬಲ ಮತಗಟ್ಟೆಯಲ್ಲಿ ಕಣ್ಣಿಗೇ ಕಾಣುತ್ತದೆ. ಶಾಲೆಯ ತರಗತಿ ಕೋಣೆ, ಮೇಜಿನ ಹಿಂದೆ ಚುನಾವಣಾ ಮಂಡಳಿಯ ಸದಸ್ಯರಾಗಿ ಕುಳಿತ ಶಾಲಾ ಶಿಕ್ಷಕರು. ಅವರು ಕೊಡುವ ಉದ್ದನೆಯ ಮತಪತ್ರದಲ್ಲಿ 12 ಸೆನೆಟರುಗಳು, ಒಂದು ಪಕ್ಷಪಟ್ಟಿ (ಕೆಳಮನೆಯ ಕೆಲವು ಸ್ಥಾನಗಳಿಗಾಗಿ ವ್ಯಕ್ತಿಗಲ್ಲದೆ ಪಕ್ಷಕ್ಕೆ ಹಾಕುವ ಮತ), ಒಬ್ಬ ಸಂಸದ, ಮೇಯರ್, ಉಪಮೇಯರ್, ಎಂಟು ಕೌನ್ಸಿಲರುಗಳು, ಒಟ್ಟು 24 ಗುರುತುಗಳನ್ನು ಮಾಡಬೇಕು. ಪ್ರತಿ ಹೆಸರಿನ ಪಕ್ಕದ ಮೊಟ್ಟೆಯಾಕಾರವನ್ನು ಪೆನ್ನಿನಿಂದ ಪೂರ್ತಿ ತುಂಬಬೇಕು. ಎಂಟರ ಬದಲು ಒಂಬತ್ತು ಕೌನ್ಸಿಲರುಗಳಿಗೆ ತುಂಬಿದರೆ ಆ ಹುದ್ದೆಯ ಮತಗಳೆಲ್ಲ ಅಸಿಂಧು, ಏಳಕ್ಕೆ ನಿಲ್ಲಿಸಿದರೆ ತೊಂದರೆಯಿಲ್ಲ. ಇಷ್ಟು ಹೆಸರುಗಳನ್ನು ನೆನಪಿಡುವುದು ಯಾರಿಗೂ ಕಷ್ಟ, ಹಾಗಾಗಿ ಜನ ‘ಕೊಡಿಗೊ’ ಎಂದು ಕರೆಯುವ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಬರುತ್ತಾರೆ. ಅಭ್ಯರ್ಥಿಗಳ ಕಡೆಯವರು ಮನೆಮನೆಗೆ ಹಂಚಿದ ಮಾದರಿ ಮತಪತ್ರವೇ ಎಷ್ಟೋ ಬಾರಿ ಆ ಚೀಟಿಯಾಗಿರುತ್ತದೆ. ಅದರಲ್ಲಿ ಮೇಯರಿಂದ ಎಂಟನೆಯ ಕೌನ್ಸಿಲರ್‌ವರೆಗೆ ಬಣದ ಹೆಸರುಗಳು ಮೊದಲೇ ತುಂಬಿಕೊಂಡಿರುತ್ತವೆ. ಗುರುತು ಮಾಡಿದ ಪತ್ರವನ್ನು ಮತದಾರರು ತಾವೇ ಯಂತ್ರಕ್ಕೆ ಊಡಿಸುತ್ತಾರೆ. 2025ರಲ್ಲಿ ಈ ಯಂತ್ರಗಳನ್ನು ಒದಗಿಸಿದ್ದು ದಕ್ಷಿಣ ಕೊರಿಯಾದ ಮಿರು ಕಂಪನಿ. ಯಂತ್ರ ಮುದ್ರಿಸಿ ಕೊಡುವ ರಸೀದಿಯಲ್ಲಿ ತಮ್ಮ ಮತಗಳು ಸರಿಯಾಗಿ ದಾಖಲಾಗಿವೆಯೇ ಎಂದು ನೋಡಿ ಅದನ್ನು ಅಲ್ಲಿರುವ ಪೆಟ್ಟಿಗೆಗೇ ಹಾಕಬೇಕು, ಹೊರಗೆ ಒಯ್ಯುವಂತಿಲ್ಲ. ಕೊಟ್ಟ ದುಡ್ಡಿಗೆ ಮತ ಬಿತ್ತೇ ಎಂದು ಕೇಳುವವರು ಹೊರಗೆ ಕಾಯುತ್ತಿರಬಹುದು ಎಂಬುದೇ ಆ ನಿಯಮದ ಹಿಂದಿನ ಭಯ.

ಈಗ ನಿಮ್ಮ ಎರಡನೆಯ ಪ್ರಶ್ನೆ. ಗೆದ್ದವರ ಅಧಿಕಾರಾವಧಿ ಜೂನ್ 30ರ ಮಧ್ಯಾಹ್ನ ಆರಂಭವಾಗುತ್ತದೆ. ಘೋಷಣೆಯಾದ ಆರು ತಿಂಗಳೊಳಗೆ ಪ್ರಮಾಣವಚನ ಸ್ವೀಕರಿಸದಿದ್ದರೆ ಸ್ಥಾನ ತೆರವಾದಂತೆ ಎಂದು ಚುನಾವಣಾ ಸಂಹಿತೆ ಹೇಳುತ್ತದೆಯಾದರೂ, ಕಾರಣ ವ್ಯಕ್ತಿಯ ಕೈಮೀರಿದ್ದರೆ ಹಾಗಲ್ಲ ಎಂಬ ವಿನಾಯಿತಿಯೂ ಅದೇ ವಾಕ್ಯದಲ್ಲಿದೆ. ಹೇಗ್‌ನ ಸೆರೆ ಕೈಮೀರಿದ ಕಾರಣವೇ ಎಂಬುದರ ಬಗ್ಗೆ ವಕೀಲರು ಎರಡೂ ಕಡೆ ವಾದಿಸಬಲ್ಲರು. ಆಡಳಿತದ ಮಟ್ಟಿಗೆ ಮಾತ್ರ ಉತ್ತರ ಸ್ಪಷ್ಟವಾಗಿದೆ. ಸ್ಥಳೀಯ ಸರ್ಕಾರ ಸಂಹಿತೆಯ 46ನೆಯ ಕಲಮಿನಂತೆ ಮೇಯರ್ ತಾತ್ಕಾಲಿಕವಾಗಿ ಕೆಲಸ ನಿರ್ವಹಿಸಲಾಗದಿದ್ದರೆ ಉಪಮೇಯರ್ ತಾನಾಗಿಯೇ ಆ ಅಧಿಕಾರಗಳನ್ನು ಚಲಾಯಿಸುತ್ತಾರೆ. ನೌಕರರನ್ನು ನೇಮಿಸುವ, ಅಮಾನತು ಮಾಡುವ, ವಜಾ ಮಾಡುವ ಅಧಿಕಾರ ಮಾತ್ರ ಮೇಯರ್ ಗೈರುಹಾಜರಿ 30 ಕೆಲಸದ ದಿನಗಳನ್ನು ದಾಟಿದ ಮೇಲೆ ಸಿಗುತ್ತದೆ. ಹೀಗೆ ಸೆಬಾಸ್ಟಿಯನ್ ಹಂಗಾಮಿ ಮೇಯರಾದರು. ಅವರ ಸಭಾಪತಿ ಸ್ಥಾನಕ್ಕೆ ಯಾರು ಎಂಬುದಕ್ಕೂ ಕಾನೂನಿನಲ್ಲಿ ಲೆಕ್ಕವಿದೆ: ತನ್ನ ಜಿಲ್ಲೆಯ ಒಟ್ಟು ನೋಂದಾಯಿತ ಮತದಾರರಿಗೆ ಹೋಲಿಸಿದರೆ ಅತಿ ಹೆಚ್ಚಿನ ಪ್ರಮಾಣದಲ್ಲಿ ಮತ ಪಡೆದ ಕೌನ್ಸಿಲರ್ ‘ಮೊದಲ ಕೌನ್ಸಿಲರ್’ ಎನಿಸಿಕೊಳ್ಳುತ್ತಾರೆ. ಆ ಲೆಕ್ಕದಲ್ಲಿ ಮೇಲೆ ಬಂದವರು ಒಂದನೆಯ ಜಿಲ್ಲೆಯಿಂದ ಗೆದ್ದಿದ್ದ, ಪಾವೊಲೊ ಅವರ ಮಗ, ತಾತನ ಹೆಸರನ್ನೇ ಹೊತ್ತ ‘ರಿಗೊ’ ದುತೆರ್ತೆ. ಅಜ್ಜ ಮೇಯರ್, ಮಗ ಹಂಗಾಮಿ ಮೇಯರ್, ಮೊಮ್ಮಗ ಹಂಗಾಮಿ ಉಪಮೇಯರ್. ಮತದಾನದ ಅದೇ ದಿನ ನಗರದ ಒಂದನೆಯ ಜಿಲ್ಲೆಯಿಂದ ಪಾವೊಲೊ, ಎರಡನೆಯ ಜಿಲ್ಲೆಯಿಂದ ಅವರ ಇನ್ನೊಬ್ಬ ಮಗ ಒಮರ್ ಸಂಸತ್ತಿಗೆ ಆಯ್ಕೆಯಾಗಿದ್ದರು. ಇದಕ್ಕೆ ಯಾವ ಕಾನೂನನ್ನೂ ಮುರಿಯಬೇಕಾಗಿ ಬರಲಿಲ್ಲ ಎಂಬುದನ್ನೇ ನಾನು ಇಷ್ಟು ಹೊತ್ತು ವಿವರಿಸುತ್ತಿದ್ದೇನೆ.

ಇದನ್ನೆಲ್ಲ ಓದಿ ದವಾವೊದ ಮತದಾರರು ಬೆದರಿಕೆಗೋ ದುಡ್ಡಿಗೋ ಮಣಿದವರು ಎಂದುಕೊಂಡರೆ ತಪ್ಪಾಗುತ್ತದೆ. ಎಂಭತ್ತರ ದಶಕದಲ್ಲಿ ಕಮ್ಯುನಿಸ್ಟ್ ಬಂಡುಕೋರರು ಮತ್ತು ಅವರ ವಿರುದ್ಧದ ಸಶಸ್ತ್ರ ಗುಂಪುಗಳ ನಡುವೆ ಸಿಕ್ಕಿ ರಕ್ತ ಕಂಡ ಊರು ಅದು. ಆ ದಿನಗಳನ್ನು ಕಂಡವರಲ್ಲಿ ಅನೇಕರು ನಂತರ ಬಂದ ಶಿಸ್ತನ್ನು ದುತೆರ್ತೆ ಹೆಸರಿಗೆ ಬರೆದುಕೊಂಡಿದ್ದಾರೆ. ಆ ಶಿಸ್ತಿಗೆ ತೆತ್ತ ಬೆಲೆಯೇ ಹೇಗ್‌ನಲ್ಲಿ ವಿಚಾರಣೆಗೆ ಬಂದಿರುವುದು. ಬಂಧನದ ನಂತರ ಬಿದ್ದ ಮತಗಳಲ್ಲಿ ಎಷ್ಟು ನಗರಾಡಳಿತದ ಮೆಚ್ಚುಗೆ, ಎಷ್ಟು ಮನಿಲಾದ ಸರ್ಕಾರದ ಮೇಲಿನ ಸಿಟ್ಟು ಎಂದು ಬೇರ್ಪಡಿಸಲು ಸಾಧ್ಯವಿಲ್ಲ. ನನ್ನ ಅಂದಾಜಿನಲ್ಲಿ ಎರಡನೆಯದೇ ಹೆಚ್ಚು.

ಮನೆತನ ಸೋಲುವುದೇ ಇಲ್ಲವೆಂದಲ್ಲ. ರಾಜಧಾನಿ ಪ್ರದೇಶದ ಪಾಸಿಗ್ ನಗರದಲ್ಲಿ 1992ರಿಂದ 27 ವರ್ಷ ಮೇಯರ್ ಸ್ಥಾನ ಎವುಸೆಬಿಯೊ ಕುಟುಂಬದಲ್ಲೇ ಸುತ್ತುತ್ತಿತ್ತು. 2019ರಲ್ಲಿ, ಇನ್ನೂ ಮೂವತ್ತು ತುಂಬದ ವೀಕೊ ಸೊತ್ತೊ ಆ ಸರಪಳಿಯನ್ನು ಕಡಿದರು. ಮೇಯರ್, ಉಪಮೇಯರ್ ಆಯ್ಕೆ ಪ್ರತ್ಯೇಕವಾದ್ದರಿಂದ ಅವರ ಜೊತೆಗೆ ಗೆದ್ದ ಉಪಮೇಯರ್ ಅವರ ಬಣದವರಾಗಿರಲಿಲ್ಲ. ಅದೇ ಉಪಮೇಯರ್ 2022ರಲ್ಲಿ ಅವರ ವಿರುದ್ಧವೇ ನಿಂತು ಸೋತರು. 2025ರಲ್ಲಿ ಸೊತ್ತೊ ಮೂರನೆಯ ಬಾರಿಗೆ, ಮೂರೂವರೆ ಲಕ್ಷ ಮತಗಳೊಂದಿಗೆ ಗೆದ್ದರು. ಗುತ್ತಿಗೆ ವ್ಯವಹಾರದ ಹಿನ್ನೆಲೆಯ ಎದುರಾಳಿಗೆ ಬಂದದ್ದು ಸುಮಾರು ಮೂವತ್ತು ಸಾವಿರ. ಒಳ್ಳೆಯ ಉದಾಹರಣೆಯೇ. ಆದರೆ ಅವರ ತಂದೆತಾಯಿ ದೇಶಕ್ಕೆಲ್ಲ ಗೊತ್ತಿರುವ ಚಿತ್ರನಟರು, ದೊಡ್ಡಪ್ಪ ಸೆನೆಟಿನ ಅಧ್ಯಕ್ಷರಾಗಿದ್ದವರು ಎಂಬುದನ್ನು ಮರೆಯಬಾರದು. ಹಳೆಯ ಮನೆಯನ್ನು ಸೋಲಿಸಲು ಇನ್ನೊಂದು ಹೆಸರಾಂತ ಮನೆಯವರೇ ಬೇಕಾಯಿತು. 2028ರಲ್ಲಿ ಅವರಿಗೂ ಮೂರು ಅವಧಿಯ ಮಿತಿ ಅಡ್ಡ ಬರುತ್ತದೆ. ಆಗ ಅವರ ಪಟ್ಟಿಯಲ್ಲಿ ಮೇಯರ್ ಹೆಸರು ಯಾರದು ಎಂಬುದನ್ನು ನಾನು ಕುತೂಹಲದಿಂದ ಕಾಯುತ್ತಿದ್ದೇನೆ.

ನಿಮ್ಮ ಮಗನಿಗೆ ಒಂದು ಮಾತು ಹೇಳಿ. ಅಲ್ಲಿನ ಚುನಾವಣಾ ಸಂಹಿತೆಯ 81ನೆಯ ಕಲಮು ವಿದೇಶಿಯರು ಯಾವುದೇ ಅಭ್ಯರ್ಥಿಗೆ ನೆರವಾಗುವುದನ್ನೂ ಪ್ರಚಾರದಲ್ಲಿ ಯಾವುದೇ ರೀತಿ ಭಾಗವಹಿಸುವುದನ್ನೂ ಅಪರಾಧವೆಂದು ಪರಿಗಣಿಸುತ್ತದೆ. ಗೆಳೆಯರು ಕೊಟ್ಟರೆಂದು ಪ್ರಚಾರದ ಟೀ ಶರ್ಟ್ ಹಾಕಿಕೊಂಡು ಮೆರವಣಿಗೆಗೆ ಹೋಗುವುದು, ಜಾಲತಾಣದಲ್ಲಿ ಒಬ್ಬರ ಪರ ಮತ ಕೇಳುವುದು, ಎರಡೂ ಬೇಡ. ವಿದ್ಯಾರ್ಥಿ ವೀಸಾದ ಮೇಲೆ ಇರುವವರಿಗೆ ಆ ತಕರಾರು ದುಬಾರಿಯಾದೀತು. ಚುನಾವಣೆಯ ಕಾಲದಲ್ಲಿ ಆಯುಧ ನಿಷೇಧದ ತಪಾಸಣಾ ಠಾಣೆಗಳು ರಸ್ತೆಗಳಲ್ಲಿ ಇರುತ್ತವೆ, ಗುರುತಿನ ಚೀಟಿ ಜೊತೆಗಿರಲಿ. ಮತದಾನದ ಹಿಂದಿನ ದಿನ ಮತ್ತು ಮತದಾನದ ದಿನ ಮದ್ಯ ಮಾರಾಟವೂ ಸೇವನೆಯೂ ನಿಷಿದ್ಧ. ಹೊಸ ಕಾನೂನಿನಂತೆ ಬರಂಗಾಯ್ ಮತ್ತು ಯುವಪರಿಷತ್ತಿನ ಚುನಾವಣೆ 2026ರ ನವೆಂಬರ್ ಮೊದಲ ಸೋಮವಾರಕ್ಕೆ ನಿಗದಿಯಾಗಿದೆ. ಅದರಲ್ಲಿ ಪಕ್ಷಗಳಿಗೆ ಅಧಿಕೃತವಾಗಿ ಜಾಗವಿಲ್ಲ. ಆದರೂ ದವಾವೊದ 182 ಬರಂಗಾಯ್ ಮುಖ್ಯಸ್ಥರು ತಮ್ಮೊಳಗೆ ಆರಿಸುವ ಒಕ್ಕೂಟದ ಅಧ್ಯಕ್ಷರು ನೇರವಾಗಿ ನಗರಸಭೆಯಲ್ಲಿ ಕೂರುವವರಾದ್ದರಿಂದ, ಮೇಯರ್ ಮನೆಯ ಕಣ್ಣು ಆ ಚುನಾವಣೆಯ ಮೇಲೂ ಇದ್ದೇ ಇರುತ್ತದೆ.